ಹಗುರವಾದ ಪುಸ್ತಕ, ಹೇರಳವಾದ ಓದು: ಇಂಗ್ಲಿಷ್ ಪದಸಂಪತ್ತನ್ನು ಕುರಿತ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಕಲಿಸುತ್ತೇನೆ. ದಿನಕ್ಕೆ ಹತ್ತು ಹೊಸ ಪದಗಳನ್ನು ಅರ್ಥಸಹಿತ ಬರೆಸಿ ಬಾಯಿಪಾಠ ಮಾಡಿಸುತ್ತೇನೆ. ವಾರದ ಕಿರುಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ಮಕ್ಕಳು ತಿಂಗಳು ತುಂಬುವಷ್ಟರಲ್ಲಿ ಅವನ್ನು ಮರೆತಿರುತ್ತಾರೆ. ಕಥೆಪುಸ್ತಕ ಓದಿಸಿದರೆ ಪದಗಳು ತಾವಾಗಿಯೇ ಬರುತ್ತವೆ ಎಂದು ಕೇಳಿ ಕೆಲವು ಇಂಗ್ಲಿಷ್ ಕಾದಂಬರಿಗಳನ್ನು ತಂದುಕೊಟ್ಟೆ. ಪುಟಕ್ಕೆ ಇಪ್ಪತ್ತು ಪದಗಳನ್ನು ನಿಘಂಟಿನಲ್ಲಿ ಹುಡುಕಿ ಸುಸ್ತಾದ ಮಕ್ಕಳು ಮೂರನೆಯ ಪುಟಕ್ಕೆ ಕೈಬಿಟ್ಟರು. ಓದಿನಿಂದ ಪದಸಂಪತ್ತು ಬೆಳೆಯುತ್ತದೆ ಎನ್ನುವುದು ನಿಜವೇ? ನಿಜವಾದರೆ ಎಂಥ ಪುಸ್ತಕ, ಎಷ್ಟು ಓದು, ನಿಘಂಟು ಬೇಕೇ ಬೇಡವೇ?

ಉತ್ತರ: ನೀವೇ ಕೊಟ್ಟಿರುವ ಒಂದು ಸಂಖ್ಯೆಯಿಂದ ಆರಂಭಿಸುತ್ತೇನೆ. ಪುಟಕ್ಕೆ ಇಪ್ಪತ್ತು ಪದ ಎಂದಿದ್ದೀರಿ. ಪುಟವೊಂದರಲ್ಲಿ ಸುಮಾರು 250 ಪದಗಳಿದ್ದವು ಎಂದಿಟ್ಟುಕೊಂಡರೆ, ನಿಮ್ಮ ಮಕ್ಕಳಿಗೆ ನೂರರಲ್ಲಿ 92 ಪದಗಳು ಗೊತ್ತಿದ್ದವು, ಎಂಟು ಗೊತ್ತಿರಲಿಲ್ಲ. ನೂರಕ್ಕೆ 92 ಎನ್ನುವುದು ಪರೀಕ್ಷೆಯಲ್ಲಿ ಬೆನ್ನು ತಟ್ಟಿಸಿಕೊಳ್ಳುವ ಅಂಕ, ಆದರೆ ಓದಿನ ಲೆಕ್ಕದಲ್ಲಿ ಅದು ಅನುತ್ತೀರ್ಣವೇ ಸರಿ. ಹನ್ನೆರಡು ಹದಿಮೂರು ಪದಗಳಿಗೊಮ್ಮೆ, ಅಂದರೆ ಹೆಚ್ಚುಕಡಿಮೆ ಪ್ರತಿ ವಾಕ್ಯದಲ್ಲಿ ಒಂದು ಸಲ, ಕಣ್ಣು ಎಡವುತ್ತಿದ್ದರೆ ಅದನ್ನು ಓದು ಎನ್ನಲಾಗುವುದಿಲ್ಲ. ಅದು ಒಗಟು ಬಿಡಿಸುವ ಕೆಲಸ. ಮಕ್ಕಳು ಮೂರು ಪುಟಗಳವರೆಗೆ ಬಂದದ್ದೇ ಅವರ ಶ್ರದ್ಧೆಗೆ ಸಾಕ್ಷಿ.

ಇದು ಊಹೆಯ ಮಾತಲ್ಲ. ಮಾರ್ಸೆಲ್ಲಾ ಹು ಮತ್ತು ನ್ಯೂಜಿಲೆಂಡಿನ ಪದಸಂಪತ್ತಿನ ವಿದ್ವಾಂಸ ಪಾಲ್ ನೇಷನ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಕಥೆಯ ಕೆಲವು ಪದಗಳನ್ನು ತೆಗೆದು, ಅವುಗಳ ಜಾಗದಲ್ಲಿ ಅರ್ಥವಿಲ್ಲದ ಕಲ್ಪಿತ ಪದಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ ಓದಲು ಕೊಟ್ಟರು. ನೂರರಲ್ಲಿ 80 ಪದಗಳು ಮಾತ್ರ ಗೊತ್ತಿದ್ದ ಓದುಗರಲ್ಲಿ ಒಬ್ಬರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. 90ರ ಹಂತದಲ್ಲಿ ಕೆಲವೇ ಕೆಲವರಿಗೆ, 95ರ ಹಂತದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಮಂದಿಗೆ ದಕ್ಕಿತು. ಯಾರ ನೆರವೂ ಇಲ್ಲದೆ ಹೆಚ್ಚಿನವರು ಹಾಯಾಗಿ ಓದಬೇಕಾದರೆ ನೂರರಲ್ಲಿ 98 ಪದಗಳು ಮೊದಲೇ ಗೊತ್ತಿರಬೇಕು ಎಂಬುದು ಅವರು ಮುಟ್ಟಿದ ತೀರ್ಮಾನ. ಐವತ್ತು ಪದಗಳಿಗೆ ಒಂದು ಅಪರಿಚಿತ ಪದ, 250 ಪದಗಳ ಪುಟಕ್ಕೆ ಐದು. ನಿಮ್ಮ ಮಕ್ಕಳು ಎದುರಿಸಿದ್ದು ಇದರ ನಾಲ್ಕು ಪಟ್ಟು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಓದಿನಿಂದ ಪದಸಂಪತ್ತು ಬೆಳೆಯುವುದು ನಿಜ, ಆದರೆ ಪುಸ್ತಕ ನಾವು ಶಿಕ್ಷಕರು ಸೂಕ್ತವೆಂದು ಭಾವಿಸುವುದಕ್ಕಿಂತ ಬಹಳ ಹಗುರವಾಗಿರಬೇಕು, ಓದಿನ ಮೊತ್ತ ನಾವು ಸಾಕೆಂದು ಭಾವಿಸುವುದಕ್ಕಿಂತ ಬಹಳ ಹೆಚ್ಚಾಗಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಫಲ ಕಾಣಿಸುವುದಿಲ್ಲ. ವಿಸ್ತೃತ ಓದನ್ನು, ಅಂದರೆ ಹಗುರವಾದ ಪುಸ್ತಕಗಳನ್ನು ಹೇರಳವಾಗಿ ಓದಿಸುವ ವಿಧಾನವನ್ನು, ಕೈಗೊಂಡು ಸೋತ ತರಗತಿಗಳಲ್ಲಿ ಮಕ್ಕಳ ಆಸಕ್ತಿ ಕಡಿಮೆಯಿತ್ತು ಎಂಬ ದೂರನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಮೊದಲು ಪುಸ್ತಕದ ಒಂದು ಪುಟವನ್ನು ತೋರಿಸಿ ಎನ್ನುತ್ತೇನೆ.

ಇಲ್ಲಿ ಯಾರಿಗಾದರೂ ಏಳುವ ಆಕ್ಷೇಪವೊಂದಿದೆ. ನೂರರಲ್ಲಿ 98 ಪದಗಳು ಗೊತ್ತಿರುವ ಪುಸ್ತಕವನ್ನು ಓದಿ ಮಕ್ಕಳು ಕಲಿಯುವುದೇನು? ಹೊಸ ಪದಗಳೇ ಇಲ್ಲದಿದ್ದರೆ ಪದಸಂಪತ್ತು ಬೆಳೆಯುವುದು ಹೇಗೆ? ‘ಗೊತ್ತಿದೆ’ ಎಂಬ ಮಾತನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ ಎಂಬುದರಲ್ಲಿ ಇದಕ್ಕೆ ಉತ್ತರವಿದೆ. ಅರ್ಥದ ಪಟ್ಟಿಯಿಂದ ಕಲಿತ ಕನ್ನಡದ ಮಗುವಿಗೆ ‘ಹಿಯರ್’ ಎಂದರೆ ಕೇಳು, ‘ಲಿಸನ್’ ಎಂದರೂ ಕೇಳು, ‘ಆಸ್ಕ್’ ಎಂದರೂ ಕೇಳು. ‘ಸೀ’, ‘ಲುಕ್’, ‘ವಾಚ್’ ಮೂರೂ ನೋಡು. ಪಟ್ಟಿಯ ಮಟ್ಟಿಗೆ ಮಗುವಿಗೆ ಆರು ಪದಗಳು ಬಂದಿವೆ. ಬಳಸಲು ಹೊರಟರೆ ಯಾವುದನ್ನು ಎಲ್ಲಿ ಇಡಬೇಕೆಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು, ದನಿಯೂ ಜೋರು. ಇಂಗ್ಲಿಷಿನಲ್ಲಿ ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ದನಿಗೆ ‘ಲೌಡ್’. ಇದಕ್ಕೆ ನಿಯಮ ಹೇಳಿಕೊಡಲು ಬರುವುದಿಲ್ಲ, ಯಾಕೆಂದರೆ ನಿಯಮವೇ ಇಲ್ಲ. ಬಾಗಿಲ ಹೊರಗೆ ‘ಹೆವಿ ರೇನ್’ ಸುರಿಯುವುದನ್ನು ಹತ್ತು ಕಥೆಗಳಲ್ಲಿ ಕಂಡ ಮಗುವಿಗೆ ‘ಸ್ಟ್ರಾಂಗ್ ರೇನ್’ ಎಂಬುದು ಕಿವಿಗೆ ಒಗ್ಗದೆ ಹೋಗುತ್ತದೆ, ಅಷ್ಟೆ. ನಮ್ಮ ಆಡುಮಾತಿಗೆ ಬಂದಿರುವ ಇಂಗ್ಲಿಷ್ ಪದಗಳ ಕಥೆಯೂ ಇದೇ. ‘ಒಂದು ಡೌಟು’ ಎಂದು ಕೈಯೆತ್ತುವ ವಿದ್ಯಾರ್ಥಿಗೆ ಅದು ಬರಿಯ ಪ್ರಶ್ನೆ. ಇಂಗ್ಲಿಷ್ ಕಥೆಯ ಪಾತ್ರವೊಂದು ಗೆಳೆಯನ ಮಾತನ್ನು ‘ಡೌಟ್’ ಮಾಡಿದಾಗ ಅಲ್ಲಿರುವುದು ಅಪನಂಬಿಕೆ. ರೋಗಿ ‘ಸೀರಿಯಸ್’ ಆಗುವುದನ್ನಷ್ಟೇ ಕೇಳಿದವರಿಗೆ ತಂದೆಯ ‘ಸೀರಿಯಸ್’ ಮುಖ ಕಾಯಿಲೆಯ ಮುಖವಲ್ಲ, ಗಂಭೀರವಾದ ಮುಖ ಎಂದು ತಿಳಿಯಲು ಕಥೆಯೇ ಬೇಕು. ಹೊಸ ಪದಗಳನ್ನು ಪರಿಚಯಿಸುವುದರಲ್ಲಿ ಓದು ನಿಧಾನ. ಅರೆಬರೆ ಗೊತ್ತಿರುವ ಪದಗಳನ್ನು ಗಟ್ಟಿ ಮಾಡುವುದರಲ್ಲಿ, ಅವುಗಳ ಒಡನಾಡಿಗಳನ್ನು ತೋರಿಸುವುದರಲ್ಲಿ, ನೋಡಿದೊಡನೆ ಅರ್ಥ ಹೊಳೆಯುವಂತೆ ಮಾಡುವುದರಲ್ಲಿ ಅದಕ್ಕೆ ಸಮನಾದ ಇನ್ನೊಂದು ವಿಧಾನವನ್ನು ನಾನು ಕಂಡಿಲ್ಲ.

ನಿಧಾನ ಎಂದೆನಲ್ಲ, ಎಷ್ಟು ನಿಧಾನ ಎಂಬುದನ್ನೂ ಮುಚ್ಚಿಡಬಾರದು. 1998ರಲ್ಲಿ ಮಾರ್ಲೀಸ್ ಹಾರ್ಸ್ಟ್, ಟಾಮ್ ಕಾಬ್ ಮತ್ತು ಪಾಲ್ ಮೆಯಾರಾ ಪ್ರಕಟಿಸಿದ ಅಧ್ಯಯನದಲ್ಲಿ ಒಮಾನಿನ 34 ವಿದ್ಯಾರ್ಥಿಗಳು ಸರಳಗೊಳಿಸಿದ ಕಾದಂಬರಿಯೊಂದನ್ನು, ಸುಮಾರು 21,000 ಪದಗಳಷ್ಟನ್ನು, ಶಿಕ್ಷಕರು ಗಟ್ಟಿಯಾಗಿ ಓದುತ್ತಿದ್ದಂತೆ ಪುಸ್ತಕದಲ್ಲಿ ಕಣ್ಣಾಡಿಸುತ್ತಾ ಮುಗಿಸಿದರು. ಕಲಿಯಬಹುದಾಗಿದ್ದ ಪದಗಳಲ್ಲಿ ಅವರು ಕಲಿತದ್ದು ಐದಕ್ಕೆ ಸುಮಾರು ಒಂದು. ಕಥೆಯಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದ ಪದಗಳು ಉಳಿದವಕ್ಕಿಂತ ಚೆನ್ನಾಗಿ ನಿಂತವು. 2003ರಲ್ಲಿ ರಾಬ್ ವೇರಿಂಗ್ ಮತ್ತು ಮಿಸಾಕೊ ತಕಾಕಿ ಜಪಾನಿನಲ್ಲಿ ನಡೆಸಿದ ಅಧ್ಯಯನ ಇನ್ನೂ ಕಠೋರವಾದ ಚಿತ್ರ ಕೊಡುತ್ತದೆ. ಅಲ್ಲಿ ಒಂದು ಸರಳ ಕಥೆಯ 25 ಪದಗಳನ್ನು ಕಲ್ಪಿತ ಪದಗಳಾಗಿ ಬದಲಾಯಿಸಲಾಗಿತ್ತು. ಓದಿದ ಕೂಡಲೆ ಪರೀಕ್ಷಿಸಿದಾಗ ಈ ಪದವನ್ನು ನೋಡಿದ್ದೇನೆ ಎಂದು ಗುರುತಿಸಿದ್ದು ಸರಾಸರಿ 15 ಪದಗಳನ್ನು. ಅರ್ಥವನ್ನು ತಾವೇ ಹೇಳಿದ್ದು ಐದಕ್ಕಿಂತ ಕಡಿಮೆ ಪದಗಳಿಗೆ. ಮೂರು ತಿಂಗಳ ಬಳಿಕ ಅರ್ಥ ಹೇಳಲು ಬಂದದ್ದು ಒಂದೇ ಒಂದು ಪದಕ್ಕೆ, ಅದೂ ಹೆಚ್ಚೆಂದರೆ. ಒಂದು ಪುಸ್ತಕ ಓದಿಸಿ ಪದಪರೀಕ್ಷೆ ಇಟ್ಟು ನಿರಾಶರಾಗುವ ಶಿಕ್ಷಕರು ಈ ಅಂಕಿಗಳನ್ನು ನೆನಪಿಡಬೇಕು. ಈ ಅಧ್ಯಯನಗಳನ್ನು ಓದಿನ ವಿರುದ್ಧದ ವಾದವಾಗಿ ಬಳಸುವವರೂ ಇದ್ದಾರೆ. ನನಗೆ ಅವು ಹೇಳುವುದು ಬೇರೆ: ಒಂದು ಪುಸ್ತಕದಿಂದ ಏನೂ ಆಗುವುದಿಲ್ಲ, ಮತ್ತು ಪುಸ್ತಕಕ್ಕೂ ಪುಸ್ತಕಕ್ಕೂ ನಡುವೆ ಬಹಳ ದಿನ ಬಿಟ್ಟರೆ ಮೊಳೆತದ್ದೂ ಒಣಗುತ್ತದೆ.

ಹಾಗಾದರೆ ಎಷ್ಟು? ಪದವೊಂದು ನೆಲೆಯೂರಲು ಸುಮಾರು ಹನ್ನೆರಡು ಸಲ ಎದುರಾಗಬೇಕು ಎಂಬ ಅಳತೆಯನ್ನಿಟ್ಟುಕೊಂಡು ನೇಷನ್ 2014ರಲ್ಲಿ ಒಂದು ಲೆಕ್ಕ ಹಾಕಿದರು. ಬಳಕೆಯ ಕ್ರಮದಲ್ಲಿ ಇಂಗ್ಲಿಷಿನ ಪದಕುಟುಂಬಗಳನ್ನು ಸಾವಿರದ ಕಂತುಗಳಾಗಿ ಜೋಡಿಸಿದರೆ (‘ಹೆಲ್ಪ್’, ‘ಹೆಲ್ಪ್‌ಫುಲ್’, ‘ಹೆಲ್ಪ್‌ಲೆಸ್’ ಇವೆಲ್ಲ ಸೇರಿ ಒಂದು ಕುಟುಂಬ), ಎರಡನೆಯ ಸಾವಿರದ ಪದಗಳನ್ನು ಅಷ್ಟು ಸಲ ಕಾಣಲು ಸುಮಾರು 2,00,000 ಪದಗಳಷ್ಟು ಓದಬೇಕು, ಮೂರನೆಯ ಸಾವಿರಕ್ಕೆ 3,00,000, ನಾಲ್ಕನೆಯದಕ್ಕೆ 5,00,000, ಐದನೆಯದಕ್ಕೆ ಹತ್ತು ಲಕ್ಷ. ಒಂಬತ್ತನೆಯ ಸಾವಿರ ತಲಪುವಾಗ ಮೂವತ್ತು ಲಕ್ಷ. ಈಗ ನಿಮ್ಮ ಪಠ್ಯಪುಸ್ತಕವನ್ನು ತೆಗೆದು ಎಣಿಸಿ ನೋಡಿ. ಹನ್ನೆರಡು ಗದ್ಯಪಾಠಗಳಿದ್ದು ಒಂದೊಂದೂ 1,500 ಪದಗಳಷ್ಟಿದೆ ಎಂದುಕೊಂಡರೂ ವರ್ಷದ ಮೊತ್ತ 18,000 ದಾಟುವುದಿಲ್ಲ. ಬಾಯಿಪಾಠ ಮಾಡಿಸಿದ ಪದಗಳನ್ನು ಮಕ್ಕಳು ಮರೆಯುವುದರ ಗುಟ್ಟು ಇಲ್ಲಿದೆ: ಸೋಮವಾರ ಕಲಿತ ಪದವನ್ನು ಅವರು ಮತ್ತೆ ಎಲ್ಲಿಯೂ ಭೇಟಿಯಾಗುವುದೇ ಇಲ್ಲ.

ಎರಡು ಲಕ್ಷ ಎಂದರೆ ಹೆದರಬೇಕಾಗಿಲ್ಲ. ಹಗುರವಾದ ಪುಸ್ತಕವನ್ನು ನಿಮಿಷಕ್ಕೆ ನೂರು ಪದಗಳ ವೇಗದಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ ಓದಿದರೆ ವಾರಕ್ಕೆ 8,000 ಪದಗಳಾಗುತ್ತವೆ. 35 ವಾರಗಳ ಶಾಲಾವರ್ಷದಲ್ಲಿ 2,80,000. ಆರಂಭದಲ್ಲಿ ವೇಗ ನಿಮಿಷಕ್ಕೆ 60 ಅಥವಾ 70 ಪದಗಳಿದ್ದರೂ ಆಶ್ಚರ್ಯವಿಲ್ಲ. ಹಗುರವಾದುದನ್ನು ಓದುತ್ತಾ ಹೋದಂತೆ ಅದು ಏರುತ್ತದೆ, ಮತ್ತು ಏರಿದ ವೇಗ ಅದೇ ಇಪ್ಪತ್ತು ನಿಮಿಷದೊಳಗೆ ಹೆಚ್ಚು ಪದಗಳ ಭೇಟಿಯನ್ನು ತರುತ್ತದೆ. ಕಷ್ಟದ ಪುಸ್ತಕ ಕೊಟ್ಟಾಗ ಆಗುವುದು ಇದರ ತದ್ವಿರುದ್ಧ: ವೇಗ ಕುಸಿಯುತ್ತದೆ, ಮೊತ್ತ ಇಳಿಯುತ್ತದೆ, ಪದಗಳ ಮರುಭೇಟಿ ನಿಂತುಹೋಗುತ್ತದೆ.

ಪುಸ್ತಕಗಳ ವಿಷಯಕ್ಕೆ ಬರೋಣ. ಸರಳಗೊಳಿಸದ ಕಾದಂಬರಿ ಅಥವಾ ಪತ್ರಿಕೆಯನ್ನು ನೂರಕ್ಕೆ 98ರ ಮಟ್ಟದಲ್ಲಿ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು ಎಂದು ನೇಷನ್ 2006ರಲ್ಲಿಯೇ ತೋರಿಸಿದ್ದಾರೆ. ಸಾವಿರ, ಒಂದೂವರೆ ಸಾವಿರ ಕುಟುಂಬಗಳ ಬಂಡವಾಳವಿರುವ ವಿದ್ಯಾರ್ಥಿಗೆ ಆ ದಾರಿ ಸದ್ಯಕ್ಕೆ ಮುಚ್ಚಿದೆ. ಅದಲ್ಲದೆ ಯಾವುದೇ ಸಹಜ ಬರಹದಲ್ಲಿ ಬರುವ ಬೇರೆ ಬೇರೆ ಪದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದೇ ಸಲ ಬಂದು ಮಾಯವಾಗುತ್ತವೆ. ಅಂಥವನ್ನು ಹುಡುಕಿ ಬರೆದುಕೊಂಡ ಶ್ರಮ ಬಹುಪಾಲು ವ್ಯರ್ಥ. ಇದಕ್ಕೆಂದೇ ಇರುವುದು ಶ್ರೇಣೀಕೃತ ಓದುಪುಸ್ತಕಗಳು, ಅಂದರೆ ಹಂತಹಂತವಾಗಿ ಪದಗಳ ಮಿತಿ ಹಾಕಿಕೊಂಡು ಬರೆದ ಅಥವಾ ಮರುಬರೆದ ಪುಸ್ತಕಗಳು. ಬಹಳ ಬಳಕೆಯಲ್ಲಿರುವ ಒಂದು ಮಾಲಿಕೆಯ ಮೆಟ್ಟಿಲುಗಳು 250, 400, 700, 1,000, 1,400, 1,800 ಮತ್ತು 2,500 ಮೂಲಪದಗಳು. ಒಂದೇ ಮೆಟ್ಟಿಲಿನ ಐದಾರು ಪುಸ್ತಕಗಳನ್ನು ಓದಿದರೆ ಆ ಮೆಟ್ಟಿಲಿನ ಹೊಸ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಮಾಲಿಕೆಯನ್ನು ಕಟ್ಟಿರುವುದೇ ಹಾಗೆ.

ಈ ಪುಸ್ತಕಗಳ ಮೂಲ ನಮ್ಮ ಉಪಖಂಡದಲ್ಲಿಯೂ ಇದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 1920ರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳದ ಶಾಲೆಗಳ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಕಲಿತೂ ಒಂದು ಪುಸ್ತಕವನ್ನು ಓದಲಾರದಿರುವುದನ್ನು ಕಂಡು ಅದರ ಕಾರಣವನ್ನು ಪಠ್ಯಗಳಲ್ಲಿ ಹುಡುಕಿದರು. ಪುಟಪುಟಕ್ಕೂ ಹೊಸ ಪದಗಳ ದಟ್ಟಣೆ, ಅವುಗಳಲ್ಲಿ ಹಲವು ಬಳಕೆಯಲ್ಲಿ ಅಪರೂಪವಾದವು, ಬಂದ ಪದ ಮತ್ತೆ ಬಾರದಿರುವುದು: ಇಂದು ನಿಮ್ಮ ತರಗತಿಯಲ್ಲಿ ಆಗಿರುವುದೂ ಇದೇ. ಅಪರೂಪದ ಪದಗಳ ಜಾಗದಲ್ಲಿ ಬಳಕೆಯ ಪದಗಳನ್ನಿಟ್ಟು, ಹೊಸ ಪದಗಳನ್ನು ದೂರದೂರಕ್ಕೆ ಚೆಲ್ಲಿ ಅವರು ಓದುಪುಸ್ತಕಗಳನ್ನು ಸಿದ್ಧಪಡಿಸಿದರು. ಅವರ ಹೆಸರಿನಲ್ಲಿ 1953ರಲ್ಲಿ ಹೊರಬಂದ ಸುಮಾರು 2,000 ಬಳಕೆಯ ಪದಗಳ ಪಟ್ಟಿ ದಶಕಗಳ ಕಾಲ ಇಂಥ ಪುಸ್ತಕಗಳ ಅಳತೆಗೋಲಾಗಿತ್ತು. ‘ವಿಸ್ತೃತ ಓದು’ ಎಂಬ ಅರ್ಥದ ಇಂಗ್ಲಿಷ್ ಪರಿಭಾಷೆಯನ್ನು ಬೋಧನೆಯಲ್ಲಿ ರೂಢಿಗೆ ತಂದವರು ಅದೇ ಕಾಲದಲ್ಲಿ ಜಪಾನಿನಲ್ಲಿ ಕೆಲಸ ಮಾಡಿದ ಹೆರಾಲ್ಡ್ ಪಾಮರ್.

ಪುಸ್ತಕದ ಮಟ್ಟವನ್ನು ಕಂಡುಕೊಳ್ಳಲು ದೊಡ್ಡ ಪರೀಕ್ಷೆ ಬೇಕಿಲ್ಲ. ನೂರು ಪದಗಳಷ್ಟು ಭಾಗವನ್ನು ಓದಿಸಿ, ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಿಸಲು ಹೇಳಿ. ಎರಡು ಬೆರಳಿನೊಳಗಿದ್ದರೆ ಆ ಪುಸ್ತಕ ಒಬ್ಬರೇ ಓದಲು ಯೋಗ್ಯ. ನಾಲ್ಕೈದು ಮಡಿಸಿದರೆ ನೀವು ಜೊತೆಗಿದ್ದು ಓದಿಸಬಹುದು. ಅದಕ್ಕಿಂತ ಹೆಚ್ಚಾದರೆ ಪುಸ್ತಕ ಕಪಾಟಿಗೆ ಮರಳಲಿ. ಇಡೀ ತರಗತಿಯ ಅಂದಾಜು ಬೇಕಾದರೆ ನೇಷನ್ ಅವರ ಪದಮಟ್ಟ ಪರೀಕ್ಷೆಯೂ ಅದರ ಪರಿಷ್ಕೃತ ರೂಪಗಳೂ ಉಚಿತವಾಗಿ ದೊರೆಯುತ್ತವೆ. ತರಗತಿಯೊಳಗೆ ಮಟ್ಟಗಳ ಅಂತರ ನೀವು ಎಣಿಸಿದ್ದಕ್ಕಿಂತ ದೊಡ್ಡದಿರುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಪುಸ್ತಕದ ನಲವತ್ತು ಪ್ರತಿ ಕೊಳ್ಳುವುದಕ್ಕಿಂತ ನಲವತ್ತು ಬೇರೆ ಬೇರೆ ಪುಸ್ತಕಗಳನ್ನು ಕೊಳ್ಳುವುದು ಲೇಸು.

ಹದಿನಾಲ್ಕು ವರ್ಷದ ಹುಡುಗನ ಕೈಗೆ ಬಣ್ಣದ ಚಿತ್ರಗಳ ಮೊಲದ ಕಥೆ ಕೊಟ್ಟರೆ ಅವನು ಅದನ್ನು ಪಕ್ಕದವನಿಗೆ ಕಾಣದಂತೆ ಮುಚ್ಚಿಡುತ್ತಾನೆ. ಇದು ಪ್ರೌಢಶಾಲೆಗೇ ವಿಶೇಷವಾದ ತೊಡಕು, ಮತ್ತು ಇದನ್ನು ಕಡೆಗಣಿಸಿದ ಯೋಜನೆಗಳು ಸದ್ದಿಲ್ಲದೆ ಸಾಯುತ್ತವೆ. ಭಾಷೆ ಹಗುರವಾಗಿರಬೇಕು, ವಸ್ತು ಹಗುರವಾಗಿರಬಾರದು. ಪತ್ತೇದಾರಿ, ಸಾಹಸ, ಭೂತದ ಕಥೆ, ಗೆಳೆತನದ ಮುನಿಸು, ಬಾಹ್ಯಾಕಾಶ, ಆಟಗಾರರ ಬದುಕು, ಪ್ರಾಣಿಲೋಕ, ಇವೆಲ್ಲ 400 ಪದಗಳ ಮಿತಿಯೊಳಗೂ ಸಿಗುತ್ತವೆ. ಕಥೆಯಲ್ಲದ ಪುಸ್ತಕಗಳನ್ನು ಮರೆಯಬೇಡಿ. ಕಥೆ ಎಂದರೆ ಮೂಗು ಮುರಿಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಒಂದೇ ವಿಷಯದ ಅಥವಾ ಒಂದೇ ನಾಯಕನಿರುವ ನಾಲ್ಕೈದು ಪುಸ್ತಕಗಳನ್ನು ಒಬ್ಬ ವಿದ್ಯಾರ್ಥಿ ಸಾಲಾಗಿ ಓದಬಯಸಿದರೆ ತಡೆಯಬೇಡಿ, ಯಾಕೆಂದರೆ ಹಾಗೆ ಓದಿದಾಗ ಅವೇ ಪದಗಳು ಮರಳಿ ಬರುತ್ತವೆ. ಓದಿದ್ದನ್ನೇ ಮತ್ತೆ ಓದುವುದೂ ಲೆಕ್ಕಕ್ಕೆ ಸೇರಲಿ.

ಪುಸ್ತಕಗಳ ಸಂಖ್ಯೆ ಎಷ್ಟರಮಟ್ಟಿಗೆ ಫಲ ತರುತ್ತದೆ ಎಂಬುದಕ್ಕೆ ಫಿಜಿ ದ್ವೀಪಗಳ ಉದಾಹರಣೆ ಪ್ರಸಿದ್ಧವಾದುದು. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ 1980ರ ಸುಮಾರಿಗೆ ಅಲ್ಲಿನ ಗ್ರಾಮೀಣ ಶಾಲೆಗಳ ತರಗತಿಗಳಿಗೆ 250ರಂತೆ ಆಸಕ್ತಿಕರ ಇಂಗ್ಲಿಷ್ ಕಥೆಪುಸ್ತಕಗಳನ್ನು ಹರಿಸಿದರು. ಎಂಟು ತಿಂಗಳಲ್ಲಿ ಆ ಮಕ್ಕಳು ಓದಿ, ಕೇಳಿ ಗ್ರಹಿಸುವುದರಲ್ಲಿ ಸಾಮಾನ್ಯ ವೇಗದ ಎರಡರಷ್ಟು ಮುಂದೆ ಸಾಗಿದರು. 20 ತಿಂಗಳ ಹೊತ್ತಿಗೆ ಲಾಭ ಇನ್ನೂ ಹೆಚ್ಚಿ ಭಾಷೆಯ ಇತರ ಕೌಶಲಗಳಿಗೂ ಹಬ್ಬಿತ್ತು. ಅವರು ನಿಮ್ಮ ವಿದ್ಯಾರ್ಥಿಗಳಿಗಿಂತ ಚಿಕ್ಕವರು, ಪ್ರಾಥಮಿಕ ಶಾಲೆಯವರು ಎಂಬ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ.

ತರಗತಿಯಲ್ಲಿ ನಡೆಸುವ ಬಗೆ ಸರಳವಾದುದು, ಪಾಲಿಸುವುದು ಮಾತ್ರ ಕಷ್ಟ. ಓದಿಗೆ ವೇಳಾಪಟ್ಟಿಯಲ್ಲಿಯೇ ಜಾಗ ಬೇಕು. ‘ಮನೆಯಲ್ಲಿ ಓದಿ’ ಎಂದರೆ ಈಗಾಗಲೇ ಓದುವವರು ಮಾತ್ರ ಓದುತ್ತಾರೆ, ಉಳಿದವರೊಡನೆ ಅವರ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ಎಲ್ಲರೂ ಮೌನವಾಗಿ ತಾವು ಆರಿಸಿಕೊಂಡದ್ದನ್ನು ಓದುತ್ತಿರುವಾಗ ನೀವೂ ಓದುತ್ತಿರಬೇಕು, ಉತ್ತರಪತ್ರಿಕೆ ತಿದ್ದುತ್ತಿರಬಾರದು. ಮೊದಲ ಹದಿನೈದು ದಿನ ಗದ್ದಲವಿರುತ್ತದೆ, ಪುಟ ತಿರುವುವ ನಟನೆಯಿರುತ್ತದೆ. ಅದನ್ನು ದೊಡ್ಡದು ಮಾಡದೆ ದಾಟಿಬಿಡಿ. ಓದಿ ಮುಗಿಸಿದ ಮೇಲೆ ಪ್ರಶ್ನೋತ್ತರ, ಸಾರಾಂಶ, ಕಠಿಣ ಪದಗಳ ಪಟ್ಟಿ ಬೇಡ. ಪುಸ್ತಕದ ಹೆಸರು, ಮುಗಿಸಿದ ದಿನಾಂಕ, ಪದಗಳ ಸುಮಾರು ಮೊತ್ತ, ಇಷ್ಟವಾಯಿತೇ ಇಲ್ಲವೇ ಎಂಬ ಒಂದು ಸಾಲು, ಇಷ್ಟು ಸಾಕು. ನಿಜವಾಗಿ ಓದಿದ್ದಾರೆಯೇ ಎಂದು ತಿಳಿಯಬೇಕಾದರೆ ಹತ್ತಿರ ಕುಳಿತು ಎರಡು ನಿಮಿಷ ಮಾತನಾಡಿಸಿ: ಯಾರ ಮೇಲೆ ಸಿಟ್ಟು ಬಂತು, ಎಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ? ಈ ಮಾತು ಕನ್ನಡದಲ್ಲಿ ನಡೆದರೂ ನಷ್ಟವಿಲ್ಲ.

ನಿಘಂಟಿನ ವಿಷಯದಲ್ಲಿ ನನ್ನದು ನಡುದಾರಿ. ಓದುವಾಗ ನಿಘಂಟು ಮುಚ್ಚಿರಲಿ, ಓದಿದ ಮೇಲೆ ತೆರೆಯಲಿ. ಗೊತ್ತಿಲ್ಲದ ಪದ ಬಂದರೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ಮುಂದೆ ಸಾಗಬೇಕು. ಅದೇ ಪದ ಮೂರನೆಯ ಸಲ ಬಂದರೆ, ಅಥವಾ ಅದಿಲ್ಲದೆ ಕಥೆಯೇ ನಿಂತುಹೋಗುತ್ತದೆ ಎನಿಸಿದರೆ, ಆಗ ಹುಡುಕಬೇಕು. ಆರಂಭದ ಮಟ್ಟದವರಿಗೆ ಇಂಗ್ಲಿಷ್–ಕನ್ನಡ ನಿಘಂಟೇ ಒಳ್ಳೆಯದು. ಒಂದು ಇಂಗ್ಲಿಷ್ ಪದದ ಅರ್ಥಕ್ಕೆ ಇನ್ನೂ ಐದು ಇಂಗ್ಲಿಷ್ ಪದಗಳನ್ನು ಹುಡುಕಿಸುವ ಶುದ್ಧಾಚಾರದಿಂದ ಯಾರಿಗೂ ಉಪಕಾರವಾಗಿಲ್ಲ. ಪುಟದ ಅಂಚಿನಲ್ಲಿ ಅರ್ಥ ಕೊಟ್ಟಿರುವ ಪುಸ್ತಕಗಳು ಸಿಕ್ಕರೆ ಇನ್ನೂ ಉತ್ತಮ.

ಸಂದರ್ಭದಿಂದ ಅರ್ಥ ಊಹಿಸುವುದನ್ನು ಎಲ್ಲ ತರಬೇತಿಗಳೂ ಹೊಗಳುತ್ತವೆ, ಆದರೆ ಊಹೆ ಯಾವಾಗ ಮೋಸ ಮಾಡುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಸುತ್ತಲಿನ ಪದಗಳು ಗೊತ್ತಿದ್ದರೆ ಮಾತ್ರ ಅವು ಸುಳಿವು ಕೊಡುತ್ತವೆ. ನೂರಕ್ಕೆ 98ರ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಬತ್ಯಾ ಲೌಫರ್ ಎಂಬ ವಿದುಷಿ 1997ರಲ್ಲಿ ಎತ್ತಿ ತೋರಿಸಿದ, ಗೊತ್ತಿದೆ ಎಂದು ಓದುಗ ತಪ್ಪಾಗಿ ನಂಬುವ ಪದಗಳ ಗುಂಪು. ‘ಹಾರ್ಡ್’ ಗೊತ್ತಿರುವ ವಿದ್ಯಾರ್ಥಿ ‘ಅವನು ಹಾರ್ಡ್ಲಿ ಕೆಲಸ ಮಾಡಿದ’ ಎಂಬ ವಾಕ್ಯವನ್ನು ಅವನು ಶ್ರಮಪಟ್ಟು ದುಡಿದ ಎಂದೇ ಓದುತ್ತಾನೆ. ಲೇಖಕ ಹೇಳಿರುವುದು ಅವನು ಕೆಲಸ ಮಾಡಿದ್ದೇ ಇಲ್ಲವೆನ್ನುವಷ್ಟು ಕಡಿಮೆ ಎಂದು. ‘ಶಾರ್ಟ್‌ಕಮಿಂಗ್ಸ್’ ಎಂಬುದರಲ್ಲಿ ಕುಂದುಕೊರತೆಗಳ ಬದಲು ಅಲ್ಪಕಾಲದ ಬರುವಿಕೆ ಕಾಣುತ್ತದೆ. ಗೊತ್ತಿಲ್ಲವೆಂದು ಗೊತ್ತಿರುವ ಪದಕ್ಕೆ ಮಗು ಚುಕ್ಕೆ ಇಡುತ್ತದೆ, ಇಂಥದಕ್ಕೆ ಇಡುವುದೇ ಇಲ್ಲ. ಇವನ್ನು ಎತ್ತಿ ತೋರಿಸುವುದು ಶಿಕ್ಷಕರ ಕೆಲಸ, ಓದಿನಿಂದಷ್ಟೇ ಅದು ಆಗದು.

ಹಾಗೆಂದು ನಿಮ್ಮ ಹತ್ತು ಪದಗಳ ಅಭ್ಯಾಸವನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ಓದು ಮತ್ತು ಉದ್ದೇಶಪೂರ್ವಕ ಪದಕಲಿಕೆ ಒಂದನ್ನೊಂದು ಹೊಡೆಯುತ್ತವೆ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ನನಗೆ ನಂಬಿಕೆಯಿಲ್ಲ. ಪದವನ್ನು ಮೊದಲ ಸಲ ಪರಿಚಯ ಮಾಡಿಸಲು ಪದಚೀಟಿಯಷ್ಟು ಮಿತವ್ಯಯದ ಸಾಧನ ಬೇರೆ ಇಲ್ಲ. ಬದಲಾಗಬೇಕಾದದ್ದು ಅದನ್ನು ನಡೆಸುವ ರೀತಿ. ದಿನಕ್ಕೆ ಹತ್ತರ ಬದಲು ವಾರಕ್ಕೆ ಹತ್ತು ಸಾಕು. ಅವು ಪಾಠದಲ್ಲಿ ಕಠಿಣವಾಗಿ ಕಂಡ ಪದಗಳಾಗಿರದೆ ಮೊದಲ ಎರಡು ಮೂರು ಸಾವಿರದೊಳಗಿನ ಬಳಕೆಯ ಪದಗಳಾಗಿರಲಿ, ಸಾಧ್ಯವಾದರೆ ಮಕ್ಕಳೇ ಚುಕ್ಕೆ ಇಟ್ಟವುಗಳಿಂದ ಆಯ್ದವಾಗಿರಲಿ. ಚೀಟಿಯ ಒಂದು ಬದಿಯಲ್ಲಿ ಇಂಗ್ಲಿಷ್, ಇನ್ನೊಂದು ಬದಿಯಲ್ಲಿ ಕನ್ನಡ. ತಿರುಗಿಸುವ ಮೊದಲು ಅರ್ಥವನ್ನು ನೆನಪಿನಿಂದ ಎಳೆದು ತರುವ ಪ್ರಯತ್ನವೇ ಮುಖ್ಯ, ಬರೆದದ್ದನ್ನೇ ಹತ್ತು ಸಲ ನಕಲು ಮಾಡುವುದಲ್ಲ. ಅದೇ ದಿನ, ಮಾರನೆಯ ದಿನ, ವಾರದ ನಂತರ, ತಿಂಗಳ ನಂತರ, ಹೀಗೆ ಅಂತರ ಹಿಗ್ಗಿಸುತ್ತಾ ನೋಡಿಕೊಳ್ಳಲಿ. ಒಂದೇ ದಿನ ‘ಟಾಲ್’ ಮತ್ತು ‘ಶಾರ್ಟ್’, ‘ಬಾರೋ’ ಮತ್ತು ‘ಲೆಂಡ್’ ಎಂಬಂಥ ಜೋಡಿಗಳನ್ನು ಕಲಿಸಬೇಡಿ. ಎರಡೂ ಹೊಸತಾಗಿದ್ದಾಗ ಯಾವುದು ಯಾವುದೆಂದು ಅವು ತಲೆಯಲ್ಲಿ ಅದಲುಬದಲಾಗುತ್ತವೆ. ಹೀಗೆ ಪರಿಚಯವಾದ ಪದವು ಅದೇ ವಾರ ಪುಸ್ತಕದಲ್ಲಿ ಎದುರಾದರೆ ಮಗು ಅದನ್ನು ಗುರುತಿಸಿ ಬೆರಳಿಟ್ಟು ತೋರಿಸುತ್ತದೆ. ಈ ಎರಡು ಕೆಲಸಗಳು ಪರಸ್ಪರ ನೆರವಾಗುವುದು ಆಗ ಕಣ್ಣಿಗೇ ಕಾಣುತ್ತದೆ.

ಓದಿ ಗುರುತಿಸುವ ಪದ ಮಾತಿಗೂ ಬರಹಕ್ಕೂ ಬರಬೇಕಾದರೆ ಬಳಸುವ ಅವಕಾಶವನ್ನು ಬೇರೆಯಾಗಿ ಕೊಡಬೇಕು. ಅರ್ಥ ಗ್ರಹಿಸುವ ಓದು-ಕೇಳ್ಮೆ, ಅರ್ಥ ತಿಳಿಸುವ ಮಾತು-ಬರಹ, ಭಾಷೆಯನ್ನೇ ಗಮನಿಸುವ ಅಧ್ಯಯನ, ನಿರರ್ಗಳತೆಯ ಅಭ್ಯಾಸ, ಈ ನಾಲ್ಕಕ್ಕೂ ಸರಿಸುಮಾರು ಸಮನಾದ ಸಮಯ ಸಿಗಬೇಕು ಎಂಬುದು ನೇಷನ್ ಅವರ ಸಲಹೆ. ಓದಿದ ಕಥೆಯನ್ನು ಒಬ್ಬ ಜೊತೆಗಾರನಿಗೆ ನಾಲ್ಕು ನಿಮಿಷದಲ್ಲಿ, ಅದನ್ನೇ ಇನ್ನೊಬ್ಬನಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬನಿಗೆ ಎರಡು ನಿಮಿಷದಲ್ಲಿ ಹೇಳಿಸುವುದು ಇದಕ್ಕೊಂದು ಒಳ್ಳೆಯ ವ್ಯಾಯಾಮ. ಮೂರನೆಯ ಸಲಕ್ಕೆ ಮಾತು ತಡವರಿಸದೆ ಬರುವುದನ್ನು ನೀವೇ ಕೇಳುವಿರಿ.

ಇಂಗ್ಲಿಷಿನ ಕಾಗುಣಿತವನ್ನೂ ಮರೆಯುವಂತಿಲ್ಲ. ಬರೆದಂತೆ ಓದುವ ಕನ್ನಡದಿಂದ ಬಂದ ಮಗು ‘ಐಲೆಂಡ್’ ಎಂಬ ಪದವನ್ನು ಅದರ ನಡುವಿರುವ ಎಸ್ ಅಕ್ಷರವನ್ನೂ ಉಚ್ಚರಿಸಿಯೇ ಓದುತ್ತದೆ, ಆಮೇಲೆ ಕಿವಿಗೆ ಬಿದ್ದ ಸರಿಯಾದ ಉಚ್ಚಾರ ಅದಕ್ಕೆ ಬೇರೊಂದು ಪದವಾಗಿ ಕೇಳಿಸುತ್ತದೆ. ಅನೇಕ ಶ್ರೇಣೀಕೃತ ಪುಸ್ತಕಗಳಿಗೆ ಧ್ವನಿಮುದ್ರಣವಿರುತ್ತದೆ. ಕೇಳುತ್ತಾ ಪುಟದ ಮೇಲೆ ಕಣ್ಣಾಡಿಸುವುದು ಹಿಂದುಳಿದ ಓದುಗರಿಗೆ ಬಹಳ ಸಹಾಯಕ. ಧ್ವನಿಮುದ್ರಣ ಇಲ್ಲದಿದ್ದರೆ ವಾರಕ್ಕೊಂದು ದಿನ ನೀವೇ ಒಂದು ಅಧ್ಯಾಯವನ್ನು ಓದಿ ಹೇಳಿ, ಕುತೂಹಲದ ತಿರುವಿನಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟುಹೋಗಿ. ಅದನ್ನು ಯಾರು ಮೊದಲು ಎತ್ತಿಕೊಂಡರು ಎಂದು ಗಮನಿಸಿ.

ಪರೀಕ್ಷೆಯ ಅಂಕಗಳಲ್ಲಿ ಮೊದಲ ಕೆಲವು ತಿಂಗಳು ಏನೂ ಕಾಣದಿರಬಹುದು. ಆ ಅವಧಿಯಲ್ಲಿ ಅಳೆಯಬೇಕಾದದ್ದು ಬೇರೆ: ಪ್ರತಿ ತಿಂಗಳು ಅದೇ ಮಟ್ಟದ ಹೊಸ ಪುಟವೊಂದನ್ನು ಓದಲು ಹಿಡಿದ ಸಮಯ, ಓದಿದ್ದನ್ನು ಬರೆದಿಡುವ ಪುಸ್ತಕದಲ್ಲಿ ದಾಖಲಾದ ಪದಗಳ ಮೊತ್ತ, ಮತ್ತು ಅರ್ಧಕ್ಕೆ ಹಿಂದಿರುಗಿಸಿದ ಪುಸ್ತಕಗಳ ಸಂಖ್ಯೆ. ಕೊನೆಯದು ಶೂನ್ಯವಾಗಿದ್ದರೆ ಸಂತೋಷಪಡಬೇಡಿ, ಬೇಡವೆನ್ನಲು ಮಕ್ಕಳು ಇನ್ನೂ ಹೆದರುತ್ತಿದ್ದಾರೆ ಎಂದು ತಿಳಿಯಿರಿ. ಈಗ ನಿಮ್ಮಲ್ಲಿರುವ ಆ ಕಾದಂಬರಿಗಳನ್ನು ಎಸೆಯಬೇಕಾಗಿಲ್ಲ. ಕಪಾಟಿನ ಮೇಲಿನ ಸಾಲಿನಲ್ಲಿಡಿ. ಕೆಳಗಿನ ಸಾಲುಗಳನ್ನು 250, 400 ಮತ್ತು 700 ಪದಗಳ ಪುಸ್ತಕಗಳಿಂದ ತುಂಬಿಸಿ, ಮುಂದಿನ ಸೋಮವಾರದ ಮೊದಲ ಇಪ್ಪತ್ತು ನಿಮಿಷವನ್ನು ಅವಕ್ಕೆ ಬಿಟ್ಟುಕೊಡಿ.